ಬುಟ್ಟಿಯ ಇನ್ನೊಂದು ಹಿಡಿ

ಲೂಡೆಲ್ಲಾ ಟಾಲ್ಬರ್ಟ್ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಚರ್ಚಿನಲ್ಲಿ ಪಾದ್ರಿಗಳು ಮೋಶೆಯನ್ನು ಕೆಂಪು ಸಮುದ್ರ ದಾಟಿಸುವಷ್ಟರಲ್ಲಿ ಇವಳು ಎದ್ದು ಹೋಗಿ ಕಿಟಕಿ ತೆರೆದು, ಮತ್ತೆ ಮುಚ್ಚಿ, ಯಾರದೋ ಕೂಸಿನ ಮೂಗು ಒರೆಸಿ, ಬಾಗಿಲಲ್ಲಿ ಯಾರು ಬಂದರೆಂದು ನೋಡಿ ಬಂದಿರುತ್ತಿದ್ದಳು. 'ಆ ಹುಡುಗಿ ಕಾಲಿಗೆ ದೇವರು ಚಕ್ರ ಕಟ್ಟಿ ಕಳಿಸಿದ್ದಾನೆ' ಎಂದು ಕೆಳಮನೆಯ ಸಿಸ್ಟರ್ ಹೆಪ್ಸಿ ಎಲ್ಲರೆದುರಿಗೂ ಹೇಳುತ್ತಿದ್ದಳು. ಹೆಪ್ಸಿ ನಮ್ಮ ಚರ್ಚಿಗೆ ಹಿರಿಯಳು, ಅದಕ್ಕೇ ಎಲ್ಲರ ಬಾಯಲ್ಲೂ ಸಿಸ್ಟರ್. ನಮ್ಮಲ್ಲಿ ಮುಕ್ಕಾಲು ಜನ ಷಿಕಾಗೋ ಎಂಬ ಹೆಸರು ಕೇಳುವ ಮೊದಲೇ ಇಲ್ಲಿಗೆ ಬಂದು ಕೂತವಳು. ಒಮ್ಮೆ ಕೂತಳೆಂದರೆ ಕುರ್ಚಿಯೇ ಸಾಕಮ್ಮ ಏಳು ಎನ್ನಬೇಕು.

ಲೂಡೆಲ್ಲಾ ಹುಟ್ಟಿದ್ದು ಜಾರ್ಜಿಯಾದ ಮೇಕನ್ ಊರಿನ ಅಂಚಿನಲ್ಲಿ. ತಾಯಿ ಸಿಲ್ವಿ ಬಿಳಿಯರ ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಅಂಗಳದಲ್ಲಿ ಹಂಡೆ, ಹಂಡೆಯ ಕೆಳಗೆ ಬೆಂಕಿ, ಬೇಲಿಯ ಉದ್ದಕ್ಕೂ ಕಂಡವರ ಹಾಸಿಗೆ ಬಟ್ಟೆ. ಮಗಳು ನಡೆಯಲು ಕಲಿತದ್ದೇ ಆ ಒದ್ದೆ ಬಟ್ಟೆಗಳನ್ನು ಹಿಡಿದುಕೊಂಡು. ನೀಲಿ ಎಷ್ಟು, ಗಂಜಿ ಎಷ್ಟು, ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ಉಗುಳು ತಾಗಿಸಿ ನೋಡುವುದು ಹೇಗೆ, ಎಲ್ಲವನ್ನೂ ಸಿಲ್ವಿ ಕಲಿಸಿದಳು. ಆದರೆ ಇದಕ್ಕೆಲ್ಲ ಮೊದಲು ಕಲಿಸಿದ ಪಾಠ ಬೇರೆಯದು.

"ಬರೀ ತಲೇಲಿ ಆಚೆ ಹೋಗ್ಬೇಡ ಕಣೇ. ತಲೆ ಮೇಲೆ ಬಿಳಿಯರ ಬಟ್ಟೆ ಇದ್ರೆ ನಾಯೀನೂ ಬೊಗಳಲ್ಲ."

ಅದು ನಿಜವೇ ಆಗಿತ್ತು. ಅಲ್ಲಿ ಕತ್ತಲಾದ ಮೇಲೆ ನಮ್ಮ ಕರಿಯ ಜನ ರಸ್ತೆಯಲ್ಲಿ ಕಂಡರೆ ಬಿಳಿಯರು ತಡೆಯುತ್ತಿದ್ದರು. ಬುಟ್ಟಿ ಹೊತ್ತ ಒಗೆಯುವವಳನ್ನು ತಡೆದರೂ ಕೇಳುತ್ತಿದ್ದದ್ದು ಒಂದೇ ಮಾತು: ಯಾರ ಮನೆ ಬಟ್ಟೆ? ಇಂಥವರದು ಎಂದರೆ ದಾರಿ ಬಿಡುತ್ತಿದ್ದರು. ಹೊತ್ತವಳ ಮುಖ ನೋಡಿ ಅಲ್ಲ, ದೊರೆಯ ಅಂಗಿಗೆ ಧೂಳು ಬಿದ್ದೀತೆಂದು.

ಲೂಡೆಲ್ಲಾಗೆ ಹನ್ನೆರಡು ತುಂಬಿದ ವರ್ಷ ಅಲ್ಲಿ ಒಬ್ಬ ಬಿಳಿ ಅಂಗಡಿಯವನಿಗೆ ಯಾರೋ ಹೊಡೆದರು. ಹೊಡೆದವನು ಸಿಗಲಿಲ್ಲ. ಸಿಗದಿದ್ದರೇನು, ಕರಿಯ ಗಂಡಸಾಗಿದ್ದರೆ ಸಾಕು ಎಂದು ಬಿಳಿಯರು ಬಂದೂಕು ಹಿಡಿದು ಸೇತುವೆಯ ಮೇಲೆ ನಿಂತರು. ಅವಳ ಅಣ್ಣ ಏಸಾ ಮಂಚದ ಕೆಳಗೆ ನಡುಗುತ್ತಿದ್ದ. ಸಿಲ್ವಿ ಅವನನ್ನು ಕಿವಿ ಹಿಡಿದು ಎಳೆದು, ಎರಡು ಹಿಡಿಯ ದೊಡ್ಡ ಬುಟ್ಟಿಯಲ್ಲಿ ಜಡ್ಜ್ ಮನೆಯ ಹೊದಿಕೆಗಳನ್ನು ಗೋಪುರದಂತೆ ಪೇರಿಸಿ, "ಆ ಕಡೆ ಹಿಡಿ ನೀನು ಹಿಡ್ಕೋ. ತಲೆ ಎತ್ತಬೇಡ" ಎಂದಳು. ತಾಯಿ ಒಂದು ಕಡೆ, ಮಗ ಇನ್ನೊಂದು ಕಡೆ, ಹಿಂದೆ ಲೂಡೆಲ್ಲಾ.

"ಯಾರ ಬಟ್ಟೆ, ಆಂಟಿ?" ಸೇತುವೆಯ ಮೇಲೆ ನಿಂತವನು ಕೇಳಿದ.

"ಜಡ್ಜ್ ಸಾಹೇಬ್ರದು, ಸರ್. ನಾಳೆ ಅವರ ಮನೇಲಿ ಮದುವೆ."

"ನೋಡ್ಕೊಂಡು ಹೋಗು. ಹಲಗೆ ಮೇಲೆ ಕೆಸರಿದೆ."

ಏಸಾ ಸೇತುವೆಯ ಆಚೆ ಸರಕು ರೈಲು ಹತ್ತಿದವನು ಮತ್ತೆ ಊರು ನೋಡಲಿಲ್ಲ. ಬದುಕಿದ, ಅಷ್ಟು ಸಾಕು. ಹನ್ನೆರಡು ವರ್ಷದ ಹುಡುಗಿ ಕಣ್ಣಾರೆ ಕಂಡದ್ದು ಸುಲಭಕ್ಕೆ ಅಳಿಸುವುದಿಲ್ಲ. ಬೈಬಲಿನ ಮೇಲೆ ಅವಳಿಗಿದ್ದ ನಂಬಿಕೆ ಎಷ್ಟೋ, ಆ ಬುಟ್ಟಿಯ ಮೇಲೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು.

ಮೊದಲ ಮಹಾಯುದ್ಧದ ವರ್ಷಗಳಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಿ ಉತ್ತರದ ರೈಲು ಹತ್ತಿದಾಗ ಲೂಡೆಲ್ಲಾ ಗಂಡನನ್ನು ಹೊರಡಿಸಿಕೊಂಡು ಷಿಕಾಗೋಗೆ ಬಂದಳು. ಗಂಡ ಆಂಬ್ರೋಸ್ ಆನೆಯಂಥ ಆಳು. ಮಾತನಾಡಿದರೆ ಮುತ್ತು ಉದುರೀತು ಎಂಬಂತೆ ತುಟಿ ಬಿಗಿದುಕೊಂಡಿರುವವನು. ಅವಳು ನೂರು ಮಾತಾಡಿದರೆ ಅವನದು ಒಂದು 'ಹೂಂ'. ದನ ಕಡಿಯುವ ಕಾರ್ಖಾನೆಗಳ ಸಾಲಿನಲ್ಲಿ, ತೊಗಲು ಕೂಡಿಡುವ ನೆಲಮಾಳಿಗೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ದಿನವಿಡೀ ಹಸಿ ತೊಗಲು ಹಾಸಿ ಉಪ್ಪು ಎರಚುವುದು. ಉಪ್ಪು ತಿಂದು ಅಂಗೈ ಬಿರುಕು ಬಿಡುತ್ತಿತ್ತು, ಸಂಜೆ ಲೂಡೆಲ್ಲಾ ಹಂದಿಕೊಬ್ಬು ಸವರಿ ತಿಕ್ಕುತ್ತಿದ್ದಳು. ಬೈದುಕೊಂಡೇ ತಿಕ್ಕುತ್ತಿದ್ದಳು ಎನ್ನಿ.

ನಾವೆಲ್ಲ ದಕ್ಷಿಣದಿಂದ ಏನೇನೋ ಹೊತ್ತು ತಂದವರು. ಕೆಲವರು ಸೊಪ್ಪಿನ ಬೀಜ ತಂದರು, ಕೆಲವರು ಕೌದಿ ತಂದರು. ಭಯವನ್ನು ಅಲ್ಲಿಯೇ ಬಿಟ್ಟು ಬಂದೆವೆಂದು ಎದೆ ತಟ್ಟಿಕೊಂಡೆವು. ಭಯ ಬಿಡಬಹುದು, ಭಯಕ್ಕೆ ಕಟ್ಟಿಕೊಂಡ ತಾಯತ ಬಿಡುವುದು ಕಷ್ಟ. ಲೂಡೆಲ್ಲಾ ಎರಡು ಹಿಡಿಯ ಬುಟ್ಟಿಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

ಇಲ್ಲಿಯೂ ಬಟ್ಟೆ ಒಗೆಯುವ ಕೆಲಸ ಹಿಡಿದಳು. ವೆಂಟ್‌ವರ್ತ್ ರಸ್ತೆಯ ಈಚೆ ನಾವು, ಆಚೆ ಐರಿಷ್ ಬಿಳಿಯರು. ಆಚೆಯ ಕಿನ್ನೇನ್ ವಿಧವೆಯ ಮನೆಯ ಬಟ್ಟೆ ಇವಳ ಪಾಲಿಗೆ ಬಂತು. ವಿಧವೆ ಒರಟಾದರೂ ಕೆಟ್ಟವಳಲ್ಲ, ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳು. ಮಗ ಫ್ರಾನ್ಸಿಸ್ ಇಪ್ಪತ್ತರ ತರುಣ, ಸರಕು ಕಚೇರಿಯಲ್ಲಿ ಗುಮಾಸ್ತ, ಅಂಗಿಗೆ ಸಿಕ್ಕಿಸಿ ಬಿಚ್ಚುವ ಬಿಳಿ ಕಾಲರು ದಿನಕ್ಕೊಂದು. 'ಗಂಜಿ ಚೆನ್ನಾಗಿ ಕೂತಿದೆ, ಲೂಡೆಲ್ಲಾ' ಎಂದು ಬಾಗಿಲು ಹಿಡಿದು ನಿಂತು ಹೇಳುತ್ತಿದ್ದ. ಅವಳಿಗೆ ಅದೊಂದು ಹೆಮ್ಮೆ.

ಯುದ್ಧ ಮುಗಿದ ಮರುವರ್ಷದ ಬೇಸಿಗೆ, ಸೆಕೆಯೋ ಸೆಕೆ. ಶನಿವಾರ ಲೂಡೆಲ್ಲಾಗೆ ತಲೆ ಸುತ್ತು ಬಂದು ಕಿನ್ನೇನ್ ಮನೆಯ ಬುಟ್ಟಿ ಮುಟ್ಟಿಸುವುದು ತಪ್ಪಿತು. ಭಾನುವಾರ ಸರೋವರದಲ್ಲಿ ನಮ್ಮ ಹುಡುಗನೊಬ್ಬ ಈಜುತ್ತ ಬಿಳಿಯರ ದಂಡೆಯ ಕಡೆಗೆ ತೇಲಿ ಹೋದನಂತೆ. ನೀರಿನ ಮೇಲೆ ಗೆರೆ ಎಳೆದ ಪುಣ್ಯಾತ್ಮರು ಯಾರೋ! ಕಲ್ಲು ಬಿತ್ತು, ಹುಡುಗ ಮುಳುಗಿದ. ಸಂಜೆಯೊಳಗೆ ಊರು ಕಾದ ಎಣ್ಣೆಯಾಯಿತು.

ಸೋಮವಾರ ಬೆಳಿಗ್ಗೆ ಆಂಬ್ರೋಸ್ ಊಟದ ಡಬ್ಬಿ ತೆಗೆದುಕೊಂಡಾಗ ಲೂಡೆಲ್ಲಾ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೊಂದಿನ ಮನೇಲಿರು, ಮಾರಾಯ."

"ಈ ಸೆಕೇಲಿ ಉಪ್ಪು ಹಾಕ್ದೆ ಬಿಟ್ರೆ ತೊಗಲು ಕೊಳೆಯುತ್ತೆ, ಲೂ."

"ಅವರ ತೊಗಲು ಕೊಳೀಲಿ. ನಿನ್ನ ತೊಗಲು ಉಳಿಸ್ಕೋ."

ಅವನು ನಕ್ಕ, ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ, ಹೋದ.

ಆಮೇಲೆ ಅವಳಿಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಇಸ್ತ್ರಿ ಮಾಡಿದ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡಿದಳು. ಸೊಪ್ಪು ಒಲೆಯ ಮೇಲಿಟ್ಟು ಉರಿ ಹಾಕಲು ಮರೆತಳು. ಕಿಟಕಿಗೆ ಹೋದಳು, ಮೆಟ್ಟಿಲಿಗೆ ಬಂದಳು, ಹೆಪ್ಸಿಯ ಬಾಗಿಲು ಬಡಿದು ಏನೂ ಹೇಳದೆ ಹಿಂದಿರುಗಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೇಲಿನ ಕೋಣೆಯ ರೂಫಸ್ ಕಿವಿಯಿಂದ ರಕ್ತ ಸುರಿಸಿಕೊಂಡು ಬಂದ. ಅವನೂ ಕಾರ್ಖಾನೆಯವನೇ, ಬೇಗ ಬಿಟ್ಟು ಬಂದಿದ್ದ.

"ಟ್ರಾಮ್ ಗಾಡಿ ನಿಲ್ಲಿಸ್ತಾ ಇದ್ದಾರೆ," ಎಂದ ಏದುಸಿರಿನಲ್ಲಿ. "ಮೇಲಿನ ಕರೆಂಟ್ ತಂತಿಯಿಂದ ಗಾಡಿ ಕೋಲು ಕೀಳ್ತಾರೆ, ಗಾಡಿ ಸತ್ತ ದನದ ಹಾಗೆ ನಿಂತ್ಬಿಡುತ್ತೆ. ಆಮೇಲೆ ನಮ್ಮೋರನ್ನ ಕಾಲು ಹಿಡ್ದು ಎಳೀತಾರೆ."

"ಆಂಬ್ರೋಸ್?"

"ಅವನ ಪಾಳಿ ಇನ್ನೂ ಬಿಟ್ಟಿರ್ಲಿಲ್ಲ. ಇನ್ನೇನು ಬಿಡುತ್ತೆ."

ಲೂಡೆಲ್ಲಾ ಒಳಗೆ ಹೋಗಿ ಕಿನ್ನೇನ್ ಮನೆಯ ಬಟ್ಟೆಗಳನ್ನು ಬುಟ್ಟಿಗೆ ಪೇರಿಸಿದಳು. ಕೆಳಗೆ ಹಾಸಿಗೆ ಬಟ್ಟೆ, ನಡುವೆ ಅಂಗಿಗಳು, ಮೇಲೆ ಕಾಣುವ ಹಾಗೆ ಫ್ರಾನ್ಸಿಸ್‌ನ ಕಾಲರುಗಳು. ತಲೆಗೆ ಸಿಂಬೆ ಸುತ್ತಿ ಬುಟ್ಟಿ ಎತ್ತಿದಳು. ಕಾರ್ಖಾನೆಯ ಗೇಟಿನಲ್ಲಿ ಗಂಡನನ್ನು ಹಿಡಿಯುವುದು, ಬುಟ್ಟಿ ಇಳಿಸಿ ಇನ್ನೊಂದು ಹಿಡಿಯನ್ನು ಅವನ ಕೈಗೆ ಕೊಡುವುದು, ತಲೆ ಎತ್ತದೆ ನಡೆಸಿಕೊಂಡು ಬರುವುದು. ಅವಳ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ.

ಹೆಪ್ಸಿ ಮೆಟ್ಟಿಲಿನ ಬುಡದಲ್ಲಿ ಅಡ್ಡ ಬಂದಳು. "ಎಲ್ಲಿಗೇ ಸವಾರಿ?"

"ಆಂಬ್ರೋಸ್‌ನ ಕರ್ಕೊಂಡು ಬರೋಕೆ."

"ಬುಟ್ಟಿ ಹೊತ್ಕೊಂಡಾ? ತಲೆ ಕೆಟ್ಟಿದ್ಯಾ? ಇದು ಜಾರ್ಜಿಯಾ ಅಲ್ಲ ಕಣೇ."

"ಬಿಳಿಯರು ಎಲ್ಲಿದ್ರೂ ಬಿಳಿಯರೇ, ಸಿಸ್ಟರ್. ತಮ್ಮ ಬಟ್ಟೆಗೆ ತಾವೇ ಮಣ್ಣು ಹಾಕ್ಕೊಳಲ್ಲ."

"ಅವನು ದಾರಿ ಗೊತ್ತಿರೋ ಗಂಡಸು. ಬರ್ತಾನೆ. ಬಂದಾಗ ಮನೇಲಿ ಹೆಂಡ್ತಿ ಇರ್ಬೇಕು. ಕೂತ್ಕೋ."

"ನಂಗೆ ಕೂರೋಕೆ ಬರಲ್ಲ ಅಂತ ನೀನೇ ಊರಿಗೆಲ್ಲಾ ಸಾರಿದ್ದೀಯಲ್ಲಾ!" ಎಂದವಳೇ ಹೊರಟುಬಿಟ್ಟಳು.

ವೆಂಟ್‌ವರ್ತ್ ದಾಟಿ ಐರಿಷರ ಕಡೆಗೆ ಕಾಲಿಟ್ಟಳು. ಮೂಲೆಯಲ್ಲಿ ನಿಂತ ಪೊಲೀಸಿನವನು ಅವಳನ್ನು ನೋಡಿದ, ಬುಟ್ಟಿ ನೋಡಿದ, ಆಕಳಿಸಿ ಮುಖ ತಿರುಗಿಸಿದ. ಅಮ್ಮ ಹೇಳಿದ್ದು ಸುಳ್ಳಲ್ಲ ಎಂದುಕೊಂಡಳು. ಒಬ್ಬ ಬಿಳಿ ಮುದುಕಿ ಕಿಟಕಿಯಿಂದ ಇಣುಕಿ ಸುಮ್ಮನಾದಳು. ಲೂಡೆಲ್ಲಾಳ ಕತ್ತು ನೆಟ್ಟಗಾಯಿತು, ಹೆಜ್ಜೆ ಬಿರುಸಾಯಿತು.

ಕಾರ್ಖಾನೆಯ ದಾರಿ ಅರ್ಧವೂ ಸವೆದಿರಲಿಲ್ಲ. ಸಾರಾಯಿ ಅಂಗಡಿಯ ಮೂಲೆಯಲ್ಲಿ ಹತ್ತಾರು ಬಿಳಿಯ ತರುಣರು ಅಂಗಿ ತೋಳು ಮಡಚಿ ನಿಂತಿದ್ದರು. ಕೈಯಲ್ಲಿ ದೊಣ್ಣೆ, ಇಟ್ಟಿಗೆ.

"ಏಯ್, ನಿಲ್ಲು!"

ನಿಂತಳು. ತಲೆ ತಗ್ಗಿಸಿ, ಸಿಲ್ವಿಯ ದನಿಯಲ್ಲೇ ಹೇಳಿದಳು: "ಮಿಸೆಸ್ ಕಿನ್ನೇನ್ ಅವರ ಮನೆ ಬಟ್ಟೆ, ಸರ್."

ಕೆಂಪು ಕೂದಲಿನವನೊಬ್ಬ ಗಹಗಹಿಸಿದ. "ಯಾರದು ಅಂತ ಕೇಳ್ದೋರ್ಯಾರು ಇಲ್ಲಿ?"

ಹೌದು, ಯಾರೂ ಕೇಳಿರಲಿಲ್ಲ. ಲೂಡೆಲ್ಲಾ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ನಿಂತಿದ್ದಳು.

"ಲೋ ಫ್ರಾನ್ಸಿಸ್!" ಇನ್ನೊಬ್ಬ ಕೂಗಿದ. "ನಿಮ್ಮಮ್ಮನ ಹೆಸರು ಹೇಳ್ತಿದ್ದಾಳೆ ನೋಡೋ. ನಿನ್ನ ಚಡ್ಡಿ ಒಗ್ಯೋದು ಈಯಮ್ಮನಾ?"

ಗುಂಪಿನ ಹಿಂದೆ ಫ್ರಾನ್ಸಿಸ್ ಇದ್ದ. ಕತ್ತಿನಲ್ಲಿ ಅವಳೇ ಗಂಜಿ ಹಾಕಿದ ಕಾಲರು. ಅವನನ್ನು ಕಂಡು ಅವಳಿಗೆ ಹೋದ ಜೀವ ಬಂದ ಹಾಗಾಯಿತು.

"ಮಿಸ್ಟರ್ ಫ್ರಾನ್ಸಿಸ್, ನೀವೇ ಹೇಳಿ ಸರ್ ಇವರಿಗೆ. ಲೂಡೆಲ್ಲಾ, ಸರ್. ನಿಮ್ಮ ಲೂಡೆಲ್ಲಾ."

ಅವನ ಮುಖ ಕಿವಿಯವರೆಗೂ ಕೆಂಪಾಯಿತು. ಗೆಳೆಯರು ನಗುತ್ತಿದ್ದರು. ಅವನು ಅವಳ ಕಡೆ ನೋಡದೆ ಹೇಳಿದ: "ನಂಗೊತ್ತಿಲ್ಲ. ಯಾರೋ ಏನೋ."

"ನಿಂದಲ್ಲ ಅಂದ್ಮೇಲೆ ಯಾರದೂ ಅಲ್ಲ!" ಎಂದ ಕೆಂಪು ಕೂದಲಿನವನು.

"ಗೊತ್ತಿಲ್ಲ ಅಂದ್ನಲ್ಲ!" ಎಂದು ಅರಚಿ, ಗೊತ್ತಿಲ್ಲವೆಂಬುದನ್ನು ಸಾಬೀತು ಮಾಡುವವನಂತೆ ಫ್ರಾನ್ಸಿಸ್ ದೊಣ್ಣೆಯಿಂದ ಬುಟ್ಟಿಯನ್ನು ತಳ್ಳಿದ. ಬುಟ್ಟಿ ಉರುಳಿತು. ಅಂಗಿ, ಕಾಲರು, ವಿಧವೆಯ ಲೇಸಿನ ಮೇಜುಬಟ್ಟೆ, ಎಲ್ಲ ಕುದುರೆ ಲದ್ದಿಯ ಮೇಲೆ ಹರಡಿದವು.

ಆಗ ಅವಳು ಓಡಬೇಕಿತ್ತು. ಬದಲಿಗೆ ಮಂಡಿಯೂರಿ ಬಟ್ಟೆ ಆರಿಸತೊಡಗಿದಳು. ಒಂದು ಇಟ್ಟಿಗೆ ಚೂರು ಭುಜಕ್ಕೆ ತಾಗಿತು, ಇನ್ನೊಂದು ಹಣೆಗೆ. ಆರಿಸುತ್ತಲೇ ಇದ್ದಳು, ಅಂಗಿಯ ಧೂಳು ಕೊಡವುತ್ತಲೇ ಇದ್ದಳು. ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮ ಹೆಂಗಸರ ಕೈಗಳಿಗೆ ಕಲಿಸಿದವರು ಎಂಥ ಪಾಠ ಕಲಿಸಿದ್ದರು!

"ಟ್ರಾಮ್ ಬಂತು! ಕಾರ್ಖಾನೆ ಟ್ರಾಮ್!" ಎಂದು ಯಾರೋ ಕೂಗಿದರು. ಗುಂಪು ಅವಳನ್ನು ಬಿಟ್ಟು ಆ ಕಡೆ ಓಡಿತು. ದೇವರೇ ನಿನಗೆ ವಂದನೆ ಎಂದಳು. ಹೇಳಿದ ಮೇಲೆ ಅರ್ಥವಾಯಿತು, ಅದು ಗಂಡನ ದಾರಿಯ ಗಾಡಿ.

ಇದ್ದಿಲು ಅಂಗಡಿಯ ಹಲಗೆ ಬೇಲಿಯ ಹಿಂದೆ ನುಸುಳಿ ಸಂದಿನಿಂದ ನೋಡಿದಳು. ತಂತಿಯಿಂದ ಕೋಲು ಕಿತ್ತರು. ಗಾಜು ಒಡೆಯಿತು. ಎತ್ತರದ ಒಬ್ಬನನ್ನು ಎಳೆದು ಹಾಕಿದರು, ಅವನು ಮುಖ ಮುಚ್ಚಿಕೊಂಡಿದ್ದ. ಕೈ ಸರಿದಾಗ ನೋಡಿದಳು, ಆಂಬ್ರೋಸ್ ಅಲ್ಲ. ಇನ್ನೊಮ್ಮೆ ದೇವರಿಗೆ ವಂದನೆ ಹೇಳಿದಳು. ಕಣ್ಣೆದುರಿಗೆ ಒಬ್ಬಳ ಮಗ, ಯಾರದೋ ಗಂಡ ಸಾಯುತ್ತಿರುವಾಗ ಹೇಳಿದ ಆ ಎರಡನೆಯ ವಂದನೆಗೆ ತನಗೆ ನರಕವೇ ಗತಿ ಎಂದು ಮುಂದೆ ಹೆಪ್ಸಿಯ ಬಳಿ ಎಷ್ಟೋ ಸಲ ಅತ್ತಿದ್ದಾಳೆ.

ಆ ಗಾಡಿಯಲ್ಲಿ ಆಂಬ್ರೋಸ್ ಇರಲೇ ಇಲ್ಲ. ಮುಂದೆ ಹೋಗುವ ದಾರಿ ಮುಚ್ಚಿತ್ತು. ಹೊತ್ತು ಮುಳುಗುವಾಗ ರೈಲು ದಿಬ್ಬದ ಮುಳ್ಳುಕಂಟಿಗಳ ನಡುವೆ ಬಗ್ಗಿ ನಡೆದು, ಬುಟ್ಟಿಯೂ ಇಲ್ಲದೆ ಬರೀ ತಲೆಯಲ್ಲಿ ಮನೆ ಸೇರಿದಳು.

ಮೆಟ್ಟಿಲ ಮೇಲೆ ಕೂತಿದ್ದ ಹೆಪ್ಸಿ ಅವಳನ್ನು ಕಂಡು ಸಂತೋಷಪಡಲಿಲ್ಲ. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಬಂದಿದ್ದ ಕಣೇ," ಎಂದಳು. "ರೈಲು ಹಳಿ ಹಿಡ್ಕೊಂಡು ಏಳೆಂಟು ಜನ ಒಟ್ಟಿಗೆ ನಡ್ಕೊಂಡು ಬಂದ್ರು. ಒಂದು ಗೀರೂ ಇರ್ಲಿಲ್ಲ ಮೈ ಮೇಲೆ."

"ಎಲ್ಲಿ? ಮೇಲಿದ್ದಾನಾ?"

"ಲೂ ಎಲ್ಲಿ ಅಂದ. ನಿನ್ನ ಹುಡುಕೋಕೆ ಹೋದ್ಲು ಅಂದೆ. ಡಬ್ಬಿ ನನ್ನ ಮಡಿಲಿಗೆ ಹಾಕ್ದ, ಹಾಗೇ ತಿರುಗಿ ಹೋದ. ನೀರೂ ಕುಡೀಲಿಲ್ಲ."

ಲೂಡೆಲ್ಲಾ ಬೀದಿ ಬಾಗಿಲ ಕಡೆ ಹಾರಿದಳು. ರೂಫಸ್ ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತ. ಅವನನ್ನು ಪರಚಿದಳು, ಕಚ್ಚಿದಳು.

"ಈಗ ನೀನು ಹೋಗು," ಹೆಪ್ಸಿ ಗದರಿದಳು. "ಅಷ್ಟರಲ್ಲಿ ಅವನು ಬರ್ತಾನೆ. ಮತ್ತೆ ಅವನು ಹೋಗ್ತಾನೆ. ಈ ಕಣ್ಣಾಮುಚ್ಚಾಲೆ ಯಾವಾಗ ಮುಗ್ಯೋದು? ಒಂದ್ಸಲ, ಒಂದೇ ಒಂದ್ಸಲ ಇದ್ದ ಕಡೆ ಇರೇ!"

ಇದ್ದಳು. ಹುಟ್ಟಿದಂದಿನಿಂದ ಅಂಥ ಶಿಕ್ಷೆ ಅನುಭವಿಸಿರಲಿಲ್ಲ. ಎರಡು ಕೋಣೆಗಳಲ್ಲಿ ಎಷ್ಟು ತಿರುಗಿದಳೋ, ನೆಲದ ಹಲಗೆ ಕಿರುಗುಟ್ಟಿ ಕೆಳಮನೆಯವರಿಗೆ ನಿದ್ದೆ ಇಲ್ಲ. ಹೊರಗೆ ಎಲ್ಲೋ ಗುಂಡು, ಎಲ್ಲೋ ಬೆಂಕಿ. ಮರುದಿನ ಬಂತು, ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಸೈನಿಕರು ಬಂದು ಬೀದಿಗಳಲ್ಲಿ ನಿಂತ ಮೇಲೆ ನಮ್ಮವರ ಆಸ್ಪತ್ರೆಯಲ್ಲಿ ಅವನು ಸಿಕ್ಕಿದ. ಬಲಮಂಡಿ ಪುಡಿಯಾಗಿತ್ತು, ಪಕ್ಕೆಲುಬು ಮುರಿದಿತ್ತು. ಸಾರಾಯಿ ಅಂಗಡಿಯ ಮೂಲೆಯಿಂದ ಅವನನ್ನು ಎತ್ತಿ ತಂದ ಗಾಡಿಯವನು ಲೂಡೆಲ್ಲಾಗೆ ಹೇಳಿದ: "ಎಂಥಾ ಹುಚ್ಚನಮ್ಮಾ ನಿನ್ ಗಂಡ! ದೊಣ್ಣೆ ಹಿಡ್ದೋರ ಹತ್ರಾನೇ ಹೋಗಿ ಟೋಪಿ ತೆಗ್ದು, ಬುಟ್ಟಿ ಹೊತ್ತ ಹೆಂಗಸನ್ನ ನೋಡಿದ್ರಾ ಸರ್ ಅಂತ ಕೇಳಿದ್ನಂತೆ."

ಮಾತೇ ಆಡದವನು. ಆಡಿದ್ದು ಅವರ ಹತ್ತಿರ.

ಗಲಭೆ ತಣ್ಣಗಾದ ಮೇಲೆ ಕಿನ್ನೇನ್ ವಿಧವೆ ತಾನೇ ಹುಡುಕಿಕೊಂಡು ಬಂದಳು. ಮೆಟ್ಟಿಲ ಬುಡದಲ್ಲಿ ನಿಂತು, ಕಾಗದದಲ್ಲಿ ಸುತ್ತಿದ ಕೇಕು ಕೈಯಲ್ಲಿ ಹಿಡಿದು, "ನೀನು ಕ್ಷೇಮ ತಾನೇ ಲೂಡೆಲ್ಲಾ? ನಮ್ಮ ಬಟ್ಟೆ ಏನಾಯ್ತು? ಫ್ರಾನ್ಸಿಸ್‌ಗೆ ಹಾಕೋಕೆ ಒಂದು ಕಾಲರೂ ಇಲ್ಲ" ಎಂದಳು. ಪಾಪ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನಿಮ್ಮ ಮಗನ್ನ ಕೇಳಿ, ಮಿಸೆಸ್ ಕಿನ್ನೇನ್," ಎಂದಳು ಲೂಡೆಲ್ಲಾ. "ಎಲ್ಲಿ ಬಿದ್ದಿದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು." ಬಾಗಿಲು ಹಾಕಿಕೊಂಡಳು. ಅಂದಿನಿಂದ ಬಿಳಿಯರ ಒಂದು ಕರವಸ್ತ್ರವನ್ನೂ ಮುಟ್ಟಲಿಲ್ಲ, ಹಾಸಿಗೆ ಹೊಲಿಯುವ ಕಾರ್ಖಾನೆ ಸೇರಿದಳು.

ಆಂಬ್ರೋಸ್‌ನ ಕಾಲು ಮಡಿಸಲು ಬಾರದ ಕೊರಡಾಯಿತು. ತೊಗಲಿನ ಕೆಲಸ ಹೋಯಿತು, ಕೂತು ಬೂಟು ರಿಪೇರಿ ಮಾಡುವುದನ್ನು ಕಲಿತ. ಅದಕ್ಕೆ ಅವನು ಹೊಂದಿಕೊಂಡ. ಹೊಂದಿಕೊಳ್ಳದವಳು ಲೂಡೆಲ್ಲಾ. ಆ ಸಂಜೆಯ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ. ಯಾಕೆ ಹೋದೆ ಎನ್ನಲಿಲ್ಲ, ನಿನ್ನಿಂದ ಹೀಗಾಯಿತು ಎನ್ನಲಿಲ್ಲ. ಬೈದಿದ್ದರೆ ಬೈಗುಳಕ್ಕೆ ಬೈಗುಳ ಕೊಟ್ಟು ಹಗುರಾಗುತ್ತಿದ್ದಳು. ಬೇಕೆಂದೇ ಸೊಪ್ಪಿಗೆ ಉಪ್ಪು ಜಾಸ್ತಿ ಹಾಕುವಳು, ಅವನ ಕೋಲನ್ನು ಬಚ್ಚಿಡುವಳು, ಸುಮ್ಮಸುಮ್ಮನೆ ಜಗಳ ತೆಗೆಯುವಳು. ಅವನು ಉಪ್ಪಾದ ಸೊಪ್ಪು ತಿನ್ನುವನು, ಕೋಲು ಹುಡುಕಿಕೊಳ್ಳುವನು. ವರ್ಷಗಳೇ ಉರುಳಿದವು. ಆ ಮೌನ ಅವಳನ್ನು ಒಳಗೊಳಗೇ ಗೆದ್ದಲಿನಂತೆ ತಿಂದಿತು.

ಒಂದು ಚಳಿಗಾಲದ ಭಾನುವಾರ, ಚರ್ಚು ಬಿಟ್ಟ ಮೇಲೆ, ಹಿಮಗಟ್ಟಿದ ಮೆಟ್ಟಿಲಲ್ಲಿ ಆಂಬ್ರೋಸ್ ಜಾರಿ ಬಿದ್ದ. ಕೊರಡುಕಾಲು ಚಾಚಿ ಹಿಮದಲ್ಲಿ ಕೂತವನನ್ನು ಕಂಡು ಲೂಡೆಲ್ಲಾಳ ಕಟ್ಟೆ ಒಡೆಯಿತು.

"ಇವತ್ತಾದ್ರೂ ಬಯ್ಯಿ! ಬಾಯಿ ಬಿಟ್ಟು ಬಯ್ಯಿ, ನಿನ್ನ ದಮ್ಮಯ್ಯ!"

"ಏನಂತ ಬಯ್ಲಿ?"

"ಯಾಕೆ ಹೋದೆ ಅಂತ. ನೀನು ಮನೇಲಿ ಬಿದ್ದಿದ್ರೆ ನನ್ ಕಾಲು ನೆಟ್ಟಗಿರ್ತಿತ್ತು ಅಂತ."

ಅವನು ಟೋಪಿಯ ಹಿಮ ಕೊಡವಿದ. ಬಹಳ ಹೊತ್ತು ಕೊಡವಿದ.

"ಎಂಟು ವರ್ಷದವನಿದ್ದೆ, ಲೂ. ಚಿಕ್ಕಪ್ಪ ನನ್ನ ಪೈನ್ ಕಾಡಿನ ಕೆಲಸಕ್ಕೆ ಬಿಟ್ಟ. ಶನಿವಾರ ಬರ್ತೀನಿ ಅಂದ. ಶನಿವಾರ ಶನಿವಾರ ದಾರಿ ನೋಡ್ದೆ. ಮೀಸೆ ಬಂದ್ಮೇಲೆ ನೋಡೋದು ಬಿಟ್ಟೆ. ಒಂದು ನರಪಿಳ್ಳೇನೂ ನನ್ನ ಹುಡುಕ್ಕೊಂಡು ಬಂದಿರ್ಲಿಲ್ಲ, ಹುಟ್ಟಿದಾಗಿಂದ." ಅವನು ಉಸಿರು ತೆಗೆದುಕೊಂಡ. ಅಷ್ಟು ಮಾತು ಒಟ್ಟಿಗೆ ಆಡಿ ಅಭ್ಯಾಸವಿರಲಿಲ್ಲ. "ಅವತ್ತು ಹೆಪ್ಸಿ ಹೇಳಿದ್ಲು, ನೀನು ನನ್ನ ಹುಡುಕೋಕೆ ಹೋಗಿದ್ದೀಯ ಅಂತ. ಭಯ ಆಯ್ತು, ನಿಜ. ಆದ್ರೆ ಮೆಟ್ಟಿಲು ಇಳೀತಾ ಖುಷಿ ಆಗೋಯ್ತು ಕಣೇ. ನೀನು ಎಲ್ಲಿ ಸಾಯ್ತಿದ್ಯೋ ಏನೋ, ನಂಗೆ ಖುಷಿ. ಆ ನಾಚಿಕೆಗೆ ಬಾಯಿ ಬಿಡ್ಲಿಲ್ಲ."

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ, ಕಲ್ಲುಬಂಡೆ?" ಎಂದು ಲೂಡೆಲ್ಲಾ ಅವನ ಬೆನ್ನಿಗೆ, ಭುಜಕ್ಕೆ ರಪರಪ ಗುದ್ದತೊಡಗಿದಳು. ಗುದ್ದುತ್ತಲೇ ಅವನ ಪಕ್ಕ ಹಿಮದಲ್ಲಿ ಕುಸಿದು ಗೋಳೋ ಎಂದು ಅತ್ತಳು. ಚರ್ಚಿನಿಂದ ಇಳಿದು ಬರುತ್ತಿದ್ದ ಜನ, ಗಂಡ ಹೆಂಡತಿ ಬೀದಿಯಲ್ಲೇ ಜಗಳಕ್ಕೆ ಬಿದ್ದರೆಂದು ತಿಳಿದು ಸುತ್ತಿ ಬಳಸಿ ಹೋದರು.